ರಾತ್ರಿಯ ಬೆವರು ಮತ್ತು ಗೋಧಿಯ ಮೇಲಿನ ಅನುಮಾನ



ನಡುರಾತ್ರಿ ಮೈಯೆಲ್ಲ ಬೆವರಿ ಎದ್ದು, ಒದ್ದೆಯಾದ ಬಟ್ಟೆ ಬದಲಿಸಿ ಮಲಗುವವರು ನಮ್ಮಲ್ಲಿಯೂ ಇದ್ದಾರೆ. ಗೋಧಿ ಒಗ್ಗದಿರುವುದೇ ಇದಕ್ಕೆ ಕಾರಣವೆಂದು ಯಾರೋ ಹೇಳಿದರೆಂದು ಮರುದಿನವೇ ಚಪಾತಿ, ಬ್ರೆಡ್ಡು ಬಿಟ್ಟುಬಿಡುವವರೂ ಉಂಟು. ಅನುಮಾನ ತಪ್ಪಲ್ಲ, ಪರೀಕ್ಷೆಗೆ ಮುನ್ನವೇ ಬಿಡುವುದು ತಪ್ಪು.

ಗೋಧಿ, ಬಾರ್ಲಿ, ರೈ ಧಾನ್ಯಗಳ ಪ್ರೋಟೀನಿಗೆ ಗ್ಲೂಟೆನ್ ಎಂದು ಹೆಸರು. ಕಲಸಿದ ಕಣಕವನ್ನು ನೀರಿನಲ್ಲಿ ತೊಳೆಯುತ್ತ ಹೋದರೆ ಕೈಯಲ್ಲಿ ಉಳಿಯುವ ರಬ್ಬರಿನಂಥ ಮುದ್ದೆಯೇ ಅದು. ಸೀಲಿಯಾಕ್ ಕಾಯಿಲೆಯಲ್ಲಿ, ಗ್ಲೂಟೆನ್ ಒಳಹೊಕ್ಕಾಗ ದೇಹದ ರಕ್ಷಣಾವ್ಯವಸ್ಥೆಯು ತನ್ನದೇ ಸಣ್ಣಕರುಳಿನ ಮೇಲೆ ತಿರುಗಿ ಬೀಳುತ್ತದೆ. ಭೇದಿ, ಹೊಟ್ಟೆಯುಬ್ಬರ, ರಕ್ತಹೀನತೆ, ಆಯಾಸ, ಮೂಳೆಗಳ ದುರ್ಬಲತೆ ಇದರ ಪರಿಚಿತ ಲಕ್ಷಣಗಳು. 1944-45ರ ಕ್ಷಾಮಕಾಲದಲ್ಲಿ ಬ್ರೆಡ್ಡು ಸಿಗದೆ ಹೋದಾಗ ಇಂಥ ಮಕ್ಕಳು ಚೇತರಿಸಿಕೊಂಡುದು, ಗೋಧಿಯನ್ನು ಮೊದಲೇ ಶಂಕಿಸಿದ್ದ ಡಚ್ ವೈದ್ಯ ವಿಲ್ಲೆಮ್ ಡಿಕೆ ಅವರ ಊಹೆಗೆ ಬಲ ನೀಡಿತು.

ಇದು ಉತ್ತರದವರ ಕಾಯಿಲೆ, ನಮಗೇಕೆ ಎನ್ನುವಿರಾ? 2016ರಲ್ಲಿ ಪ್ರಕಟವಾದ ಭಾರತದ ಅಧ್ಯಯನವೊಂದರಲ್ಲಿ ಈ ಕಾಯಿಲೆಯ ಪ್ರತಿಕಾಯಗಳು ಉತ್ತರದಲ್ಲಿ ಶೇ. 1.23 ಮಂದಿಯಲ್ಲಿಯೂ, ದಕ್ಷಿಣದಲ್ಲಿ ಶೇ. 0.10 ಮಂದಿಯಲ್ಲಿಯೂ ಕಂಡವು. ಆದರೆ ಕಾಯಿಲೆಗೆ ಎಡೆಗೊಡುವ ವಂಶವಾಹಿಗಳು ಎರಡೂ ಕಡೆ ಹೆಚ್ಚುಕಡಮೆ ಸಮನಾಗಿದ್ದವು. ಗೋಧಿಯ ಸೇವನೆ ಮಾತ್ರ ದಿನಕ್ಕೆ 455 ಗ್ರಾಂ ಅಲ್ಲಿ, 25 ಗ್ರಾಂ ಇಲ್ಲಿ! ಸಿಡ್ನಿಗೆ ಬಂದ ಮೇಲೆ ನಮ್ಮ ತಟ್ಟೆಯಲ್ಲಿ ಗೋಧಿಯ ಪಾಲು ಏರಿದೆಯೆಂಬುದನ್ನು ಯಾರೂ ಅಲ್ಲಗಳೆಯಲಾರರು. ಅದರಿಂದಲೇ ಕಾಯಿಲೆ ಬಂದೀತೆಂದು ಹೇಳಲಾಗದು; ಬಾರದೆಂಬ ನೆಮ್ಮದಿಯೂ ಸಲ್ಲದು.

ಇನ್ನು ಬೆವರಿನ ಮಾತು. ರಾತ್ರಿಯ ಬೆವರು ಸೀಲಿಯಾಕ್‌ನ ಮುಖ್ಯ ಲಕ್ಷಣಗಳಲ್ಲಿ ಸೇರಿಲ್ಲ. ಆ ಕಾಯಿಲೆಯ ಜೊತೆಗೆ ಬರಬಹುದಾದ ಥೈರಾಯ್ಡ್ ತೊಂದರೆಯಿಂದಲೋ, ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆಯ ಅಂಶ ಕುಸಿಯುವುದರಿಂದಲೋ ಬೆವರಬಹುದು. ಮುಟ್ಟು ನಿಲ್ಲುವ ವಯಸ್ಸು, ಖಿನ್ನತೆಯ ಕೆಲವು ಔಷಧಗಳು ಸಹ ಸಾಮಾನ್ಯ ಕಾರಣಗಳೇ. ಮರೆಯಬಾರದುದು ಕ್ಷಯ: ಭಾರತದಲ್ಲಿ ಅಂಟಿದ ಸೋಂಕು ದೇಹದಲ್ಲಿ ವರ್ಷಗಟ್ಟಲೆ ಅಡಗಿದ್ದು ಇಲ್ಲಿ ತಲೆಯೆತ್ತಬಹುದು. ಬೆವರಿನೊಡನೆ ಜ್ವರ, ಕೆಮ್ಮು, ತೂಕ ಇಳಿಯುವುದು, ಕುತ್ತಿಗೆಯಲ್ಲಿಯೋ ಕಂಕುಳಲ್ಲಿಯೋ ಗಂಟು, ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ವೈದ್ಯರನ್ನು ಕಾಣಿರಿ. ಲಿಂಫೋಮಾ ಎಂಬ ಕ್ಯಾನ್ಸರಿನ ಸೂಚನೆಯೂ ಅದಾಗಿರಬಹುದು. ಗೋಧಿ ಬಿಟ್ಟು ಕಾದು ನೋಡುವ ತಿಂಗಳುಗಳು ಅಲ್ಲಿ ದುಬಾರಿಯಾದಾವು.

ಸೀಲಿಯಾಕ್‌ನ ರಕ್ತಪರೀಕ್ಷೆ ಹುಡುಕುವುದು ಗ್ಲೂಟೆನ್ನಿನಿಂದ ಕೆರಳಿದ ಪ್ರತಿಕಾಯಗಳನ್ನು. ಗೋಧಿ ಬಿಟ್ಟವರಲ್ಲಿ ಅವು ಕ್ರಮೇಣ ಇಳಿದು, ಕಾಯಿಲೆಯಿದ್ದರೂ ಇಲ್ಲವೆಂಬ ಉತ್ತರ ಬಂದೀತು. ಈಗಾಗಲೇ ಬಿಟ್ಟಿರುವ ವಯಸ್ಕರು ದಿನಕ್ಕೆ ಸುಮಾರು 4 ತುಂಡು ಬ್ರೆಡ್ಡಿನಂತೆ 6 ವಾರ ತಿಂದು ಪರೀಕ್ಷೆಗೆ ಹೋಗಬೇಕೆಂಬುದು ಇಲ್ಲಿಯ ರೂಢಿಯ ಸಲಹೆ. ಅದನ್ನು ವೈದ್ಯರನ್ನು ಕೇಳಿಯೇ ಮಾಡಿರಿ. ರಕ್ತದಲ್ಲಿ ಸೂಚನೆ ಕಂಡರೆ ಸಾಮಾನ್ಯವಾಗಿ ಸಣ್ಣಕರುಳಿನ ಚೂರನ್ನು ತೆಗೆದು ನೋಡಿ ಖಚಿತಪಡಿಸುತ್ತಾರೆ.

ಕಾಯಿಲೆ ಖಚಿತವಾದರೆ ಪಥ್ಯ ಜೀವನಪರ್ಯಂತ. ರಾಗಿಮುದ್ದೆ, ಜೋಳದ ರೊಟ್ಟಿ, ಅಕ್ಕಿರೊಟ್ಟಿ ಉಂಡು ಬೆಳೆದವರಿಗೆ ಅದು ಅಷ್ಟೇನೂ ಕಠಿಣವಲ್ಲ; ಗಿರಾವೀನ್ ಸುತ್ತಿನ ದಿನಸಿ ಅಂಗಡಿಗಳಲ್ಲಿ ಈ ಹಿಟ್ಟುಗಳೆಲ್ಲ ದೊರೆಯುತ್ತವೆ. ಎಚ್ಚರ ಬೇಕಾದುದು ಉಪ್ಪಿಟ್ಟಿನ ರವೆಯಲ್ಲಿ, ಗೋಧಿಯ ಶಾವಿಗೆಯಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಒಗ್ಗರಣೆಯ ಇಂಗಿನಲ್ಲಿ. ಡಬ್ಬಿಯ ಇಂಗಿಗೆ ಅನೇಕ ವೇಳೆ ಗೋಧಿಹಿಟ್ಟು ಬೆರೆಸಿರುತ್ತಾರೆ. ತಿಳಿಸಾರು ಕುಡಿದೆನಲ್ಲ, ಗೋಧಿ ಎಲ್ಲಿಂದ ಬಂತು ಎಂದು ಬೆರಗಾಗುವ ಮುನ್ನ ಆ ಡಬ್ಬಿಯ ಚೀಟಿಯನ್ನೊಮ್ಮೆ ಓದಿರಿ.