ಖಾಲಿ ತೋಟಾಗೆ ಹುಳಿ ಸ್ನಾನ

ಅಮೆರಿಕದ ಬಂದೂಕು ಹವ್ಯಾಸಿಯ ಗ್ಯಾರೇಜಿನಲ್ಲಿ ತಾಸುಗಟ್ಟಲೆ ಗರಗರ ಸದ್ದು ಕೇಳಿಬಂದರೆ ಗಾಬರಿ ಬೇಡ. ತಿರುಗುತ್ತಿರುವುದು ಟಂಬ್ಲರ್, ಅದರೊಳಗೆ ಹೊರಳುತ್ತಿರುವುದು ಖಾಲಿ ತೋಟಾಗಳು. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಕೊಳವೆಯನ್ನು ಅಲ್ಲಿ ಅನೇಕರು ಎಸೆಯುವುದಿಲ್ಲ. ಹೊಸ ಕೇಪು, ಮದ್ದು, ಗುಂಡು ಕೂರಿಸಿ ಮತ್ತೆ ಬಳಸುತ್ತಾರೆ. (ನಮ್ಮಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ತೋಟಾ ತಯಾರಿಸುವಂತಿಲ್ಲ.)

ತೊಳೆಯುವ ಬಗೆ ಎರಡು. ಒಣ ವಿಧಾನದಲ್ಲಿ ಗಡಗಡ ನಡುಗುವ ಬೋಗುಣಿಗೆ ಮೆಕ್ಕೆಜೋಳದ ದಿಂಡಿನ ಪುಡಿಯನ್ನೋ ಅಕ್ರೋಟು ಚಿಪ್ಪಿನ ತರಿಯನ್ನೋ ಹಾಕಿ, ತೋಟಾಗಳನ್ನು ಎರಡು ಮೂರು ತಾಸು ಉಜ್ಜಿಸುತ್ತಾರೆ. ಏಳುವ ದೂಳಿನಲ್ಲಿ ಕೇಪಿನಿಂದ ಬಂದ ಸೀಸ ಇರುತ್ತದೆ. ಹಾಗಾಗಿ ಗಾಳಿಯಾಡುವ ಜಾಗ ಬೇಕು, ಕೆಲಸ ಮುಗಿದ ಮೇಲೆ ಕೈ ತೊಳೆಯಲೇಬೇಕು.

ಒದ್ದೆ ವಿಧಾನ ನಮ್ಮ ಅಡುಗೆಮನೆಗೆ ಹತ್ತಿರದ್ದು. ಉರುಳುವ ಪೀಪಾಯಿಗೆ ನೀರು, ಪಾತ್ರೆ ಸೋಪು, ಮಿಲಿಮೀಟರಿನಷ್ಟು ದಪ್ಪದ ಸ್ಟೀಲ್ ಕಡ್ಡಿಗಳು, ಜೊತೆಗೆ ಚಿಟಿಕೆ ಸಿಟ್ರಿಕ್ ಆಮ್ಲ. ಹಬ್ಬದ ಹಿಂದಿನ ದಿನ ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ತಿಕ್ಕುವವರಿಗೆ ಇದನ್ನು ವಿವರಿಸಬೇಕಿಲ್ಲ: ಕಿಲುಬನ್ನು ಕರಗಿಸುವುದು ಹುಳಿಯೇ. ಹುಳಿ ಹೆಚ್ಚಾದರೆ ಮಾತ್ರ ಹಿತ್ತಾಳೆಯಲ್ಲಿನ ಸತು ಬಿಟ್ಟುಹೋಗಿ, ತಾಮ್ರ ಮೇಲೆದ್ದು, ತೋಟಾ ನಸುಗೆಂಪಾಗುತ್ತದೆ.

ಕನ್ನಡಿಯಂಥ ಹೊಳಪು ಬರೀ ಶೋಕಿ. ನಿಜವಾದ ಲಾಭ ಬೇರೆ. ಸಿಡಿದಾಗ ಹಿಗ್ಗಿದ ತೋಟಾವನ್ನು ಉಕ್ಕಿನ ಅಚ್ಚಿಗೆ ನೂಕಿ ಮೊದಲಿನ ಅಳತೆಗೆ ತರಬೇಕು. ಮರಳಿನ ಕಣವೊಂದು ಅಂಟಿಕೊಂಡಿದ್ದರೂ ಅಚ್ಚಿಗೆ ಗೀರು ಬೀಳುತ್ತದೆ. ಮಸಿ ಹೋದರೆ ಕೂದಲೆಳೆಯ ಬಿರುಕೂ ಕಣ್ಣಿಗೆ ಬೀಳುತ್ತದೆ.

ಬಿರುಕಿನ ಮಾತು ಬಂದರೆ ಕಥೆ ಭಾರತಕ್ಕೇ ಬರುತ್ತದೆ. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಸೈನ್ಯದ ತೋಟಾಗಳು ಮಳೆಗಾಲದಲ್ಲಿ, ಯಾರೂ ಮುಟ್ಟದಿದ್ದರೂ ಸೀಳುತ್ತಿದ್ದವು. ಋತುವಿನ ಕಾಟವೆಂದು ಅದಕ್ಕೆ 'ಸೀಸನ್ ಕ್ರ್ಯಾಕಿಂಗ್' ಎಂಬ ಹೆಸರೇ ಬಿತ್ತು. ತೋಟಾಗಳನ್ನು ಇಡುತ್ತಿದ್ದುದು ಕುದುರೆ ಲಾಯದಲ್ಲಿ. ಕುದುರೆ ಗಂಜಳದಿಂದ ಏಳುವ ಅಮೋನಿಯಾ ತೇವದೊಂದಿಗೆ ಸೇರಿ, ತಯಾರಿಕೆಯಲ್ಲಿ ಎಳೆದು ಬಿಗಿಯಾಗಿದ್ದ ಹಿತ್ತಾಳೆಯನ್ನು ಒಳಗಿಂದೊಳಗೇ ಬಿರಿಸುತ್ತಿತ್ತು. ಈ ಒಗಟು ಬಿಡಿಸಿದ ಸಂಶೋಧನೆ ಪ್ರಕಟವಾದದ್ದು 1921ರಲ್ಲಿ. ಅಮೋನಿಯಾ ಬೆರೆತ ಪಾಲಿಶ್ ದೀಪಕ್ಕೆ ನಡೆದೀತು, ತೋಟಾಗೆ ಕೂಡದು.

ತೊಳೆದದ್ದು ಒಣಗಬೇಕು. ಒಳಗೆ ಹನಿ ನೀರು ಉಳಿದರೂ ಮದ್ದು ಕೆಡುತ್ತದೆ. ಬಿಸಿಲಿಗೆ ಹರವಿದರೆ ಸಾಕು. ಅವಸರಕ್ಕೆ ಓವನ್‌ನಲ್ಲಿಟ್ಟು ಶಾಖ ಮಿತಿಮೀರಿದರೆ ಹಿತ್ತಾಳೆ ಮೆತ್ತಗಾಗುತ್ತದೆ. ಬುಡ ಮೆತ್ತಗಾದ ತೋಟಾ ಸಿಡಿತದ ಒತ್ತಡ ತಾಳದು. ಅದು ಎಷ್ಟೇ ಫಳಫಳಿಸಲಿ, ಗುಜರಿಗೇ ಹೋಗಬೇಕು.