ಒಂದೇ ವಿಮಾನ, ಎರಡು ನಂಬರ್: ಮೈಲಿ ಯಾರ ಲೆಕ್ಕಕ್ಕೆ?

ನಮ್ಮ ಕಾಲೇಜಿನಲ್ಲಿ ಅಬ್ಬಾ, ಚಾಚಾ ಅಥವಾ ಮಾಮೂ ಗಲ್ಫ್‌ನಲ್ಲಿ ದುಡಿಯುವ ಮನೆಗಳಿಂದ ಬರುವವರು ಅನೇಕರಿದ್ದಾರೆ. ಟಿಕೆಟ್ ಎಷ್ಟಾಯಿತು, ಎಷ್ಟು ಕಿಲೋ ಲಗೇಜ್ ಎಂದು ಮನೆಯಲ್ಲಿ ಎಲ್ಲರೂ ಕೇಳುತ್ತಾರೆ. ಆ ಟಿಕೆಟ್‌ನಿಂದ ಎಷ್ಟು ‘ಮೈಲಿ’ ಬಂತು ಎಂದು ಕೇಳುವವರು ಕಡಿಮೆ. ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ಈ ಲೆಕ್ಕ ಕುತೂಹಲ ಹುಟ್ಟಿಸಿತು. ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಮೈಲಿ ಎಂದರೇನು?

1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ‘ಆಡ್ವಾಂಟೇಜ್’ ಎಂಬ ಫ್ರೀಕ್ವೆಂಟ್ ಫ್ಲೈಯರ್ ಯೋಜನೆ ಆರಂಭಿಸಿತು. ಹಾರಿದ ದೂರಕ್ಕೆ ತಕ್ಕಷ್ಟು ಮೈಲಿ ಖಾತೆಗೆ ಸೇರುತ್ತಿತ್ತು. ಸಾಕಷ್ಟು ಸೇರಿದ ಮೇಲೆ ಅದನ್ನೇ ಕೊಟ್ಟು ಟಿಕೆಟ್ ಪಡೆಯಬಹುದಿತ್ತು. 2015–16ರ ಹೊತ್ತಿಗೆ ಡೆಲ್ಟಾ, ಯುನೈಟೆಡ್, ಅಮೆರಿಕನ್ ಮೂರೂ ದೂರದ ಬದಲು ಕೊಟ್ಟ ಹಣಕ್ಕೆ ಮೈಲಿ ಕೊಡತೊಡಗಿದವು. ಹೆಸರು ಮಾತ್ರ ಮೈಲಿ ಎಂದೇ ಉಳಿಯಿತು.

ಕೋಡ್‌ಶೇರ್ ಎಂದರೇನು?

ಒಂದೇ ಬಸ್ಸಿನ ಸೀಟುಗಳನ್ನು ಎರಡು ಟ್ರಾವೆಲ್ಸ್‌ನವರು ತಮ್ಮ ತಮ್ಮ ಹೆಸರಿನಲ್ಲಿ ಮಾರುವ ಹಾಗೆ, ಒಂದೇ ವಿಮಾನಕ್ಕೆ ಎರಡು ಮೂರು ಕಂಪನಿಗಳು ತಮ್ಮ ನಂಬರ್ ಹಾಕಿ ಟಿಕೆಟ್ ಮಾರುತ್ತವೆ. ಕತಾರ್ ಏರ್‌ವೇಸ್ ಮತ್ತು ಇಂಡಿಗೋ 2019ರಲ್ಲಿ ಇಂಥ ಒಪ್ಪಂದ ಮಾಡಿಕೊಂಡವು. ಹಾಗಾಗಿ ಟಿಕೆಟ್‌ನಲ್ಲಿ ಕತಾರ್‌ನ ‘ಕ್ಯೂಆರ್’ ನಂಬರ್ ಇದ್ದರೂ ಹತ್ತುವುದು ಇಂಡಿಗೋ ವಿಮಾನ ಆಗಿರಬಹುದು. ನಂಬರ್ ಹಾಕಿ ಮಾರಿದವರು ಒಬ್ಬರು, ವಿಮಾನ ಹಾರಿಸುವವರು ಇನ್ನೊಬ್ಬರು. ಟಿಕೆಟ್‌ನಲ್ಲಿ ಸಣ್ಣ ಅಕ್ಷರದಲ್ಲಿ ‘ಆಪರೇಟೆಡ್ ಬೈ’ ಎಂದು ಬರೆದಿರುವುದು ಹಾರಿಸುವವರ ಹೆಸರು.

ಒಂದು ವಿಷಯ ನೆನಪಿರಲಿ. ಕೋಡ್‌ಶೇರ್ ಬೇರೆ, ಮೈಲಿ ಒಪ್ಪಂದ ಬೇರೆ. ಎರಡು ಕಂಪನಿಗಳು ಪರಸ್ಪರರ ಸೀಟು ಮಾರುತ್ತವೆ ಎಂದ ಮಾತ್ರಕ್ಕೆ ಮೈಲಿ ಸಿಗುತ್ತದೆ ಎಂದೇನಿಲ್ಲ.

ಯಾರ ನಿಯಮ ನಡೆಯುತ್ತದೆ?

ನೀವು ಯಾವ ಯೋಜನೆಯ ಸದಸ್ಯರೋ ಆ ಯೋಜನೆಯ ನಿಯಮವೇ ನಡೆಯುತ್ತದೆ. ಈ ನಿಯಮ ಎಲ್ಲ ಕಡೆ ಒಂದೇ ಅಲ್ಲ.

ಲಂಡನ್‌ನಿಂದ ನ್ಯೂಯಾರ್ಕ್‌ಗೆ ಬ್ರಿಟಿಷ್ ಏರ್‌ವೇಸ್ ವಿಮಾನ ಹೊರಟಿದೆ ಎಂದಿಟ್ಟುಕೊಳ್ಳಿ. ಅಕ್ಕಪಕ್ಕದ ಸೀಟಿನಲ್ಲಿ ಇಬ್ಬರು ಆಡ್ವಾಂಟೇಜ್ ಸದಸ್ಯರಿದ್ದಾರೆ. ಒಬ್ಬರ ಟಿಕೆಟ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ನಂಬರ್, ಇನ್ನೊಬ್ಬರದರಲ್ಲಿ ಬ್ರಿಟಿಷ್ ಏರ್‌ವೇಸ್ ನಂಬರ್. ಮೊದಲನೆಯವರಿಗೆ ಕೊಟ್ಟ ಹಣದ ಲೆಕ್ಕದಲ್ಲಿ ಮೈಲಿ, ಎರಡನೆಯವರಿಗೆ ದೂರ ಮತ್ತು ದರ್ಜೆಯ ಲೆಕ್ಕದಲ್ಲಿ ಮೈಲಿ. ವಿಮಾನ ಒಂದೇ, ಊಟ ಒಂದೇ, ಲೆಕ್ಕ ಎರಡು.

ಯುನೈಟೆಡ್ ಯೋಜನೆಯಲ್ಲಿ ಟಿಕೆಟ್ ಯಾರು ನೀಡಿದರು ಎಂಬುದು ಮುಖ್ಯ. 13 ಅಂಕಿಗಳ ಟಿಕೆಟ್ ಸಂಖ್ಯೆಯ ಮೊದಲ ಮೂರು ಅಂಕಿ ಅದನ್ನು ಹೇಳುತ್ತವೆ: ಯುನೈಟೆಡ್‌ಗೆ 016, ಏರ್ ಇಂಡಿಯಾಕ್ಕೆ 098, ಎಮಿರೇಟ್ಸ್‌ಗೆ 176, ಸೌದಿಯಾಕ್ಕೆ 065. ಮನೆಯಲ್ಲಿರುವ ಹಳೆಯ ಟಿಕೆಟ್ ತೆಗೆದು ನೋಡಿ, ಗೊತ್ತಾಗುತ್ತದೆ.

ಆ ಒಂದು ಅಕ್ಷರ

ಎಲ್ಲರೂ ಎಕಾನಮಿ ಎಂದು ಹೇಳುತ್ತೇವೆ. ಆದರೆ ಎಕಾನಮಿಯೊಳಗೇ ವೈ, ಬಿ, ಎಂ, ಕೆ, ಎಲ್ ಹೀಗೆ ಹಲವು ಬುಕಿಂಗ್ ಕ್ಲಾಸ್‌ಗಳಿವೆ. ಸೀಟು ಒಂದೇ ತರಹ, ದರ ಬೇರೆ ಬೇರೆ. ಪಾಲುದಾರ ಕಂಪನಿಯ ವಿಮಾನಕ್ಕೆ ಮೈಲಿ ನಿರ್ಧಾರವಾಗುವುದು ಹೆಚ್ಚಾಗಿ ಈ ಅಕ್ಷರದಿಂದಲೇ. ಬೆಂಗಳೂರಿನಿಂದ ದುಬೈಗೆ ಸುಮಾರು 1,700 ಮೈಲಿ ದೂರ. ಒಂದು ಅಕ್ಷರಕ್ಕೆ ಶೇ. 100 ಎಂದಿದ್ದರೆ 1,700 ಮೈಲಿ, ಶೇ. 50 ಎಂದಿದ್ದರೆ 850, ಶೇ. 25 ಎಂದಿದ್ದರೆ 425. ಅಕ್ಷರ ಪಟ್ಟಿಯಲ್ಲೇ ಇಲ್ಲದಿದ್ದರೆ ಸೊನ್ನೆ. ಗುಂಪು ದರದಲ್ಲಿ ತೆಗೆದ ಟಿಕೆಟ್‌ಗಳಿಗೂ ಹಲವು ಯೋಜನೆಗಳಲ್ಲಿ ಮೈಲಿ ಇಲ್ಲ.

ಹೀಗೇಕೆ? ಮೈಲಿ ಪುಕ್ಕಟೆ ಹುಟ್ಟುವುದಿಲ್ಲ. ಪಾಲುದಾರ ವಿಮಾನದಲ್ಲಿ ಹಾರಿದಾಗ ನಿಮ್ಮ ಖಾತೆಗೆ ಸೇರುವ ಮೈಲಿಗೆ ಆ ಪಾಲುದಾರ ಕಂಪನಿ ನಿಮ್ಮ ಯೋಜನೆಗೆ ಹಣ ಕೊಡಬೇಕು. ತೀರಾ ಅಗ್ಗದ ಟಿಕೆಟ್‌ನಲ್ಲಿ ಲಾಭವೇ ಕಡಿಮೆ ಇರುವಾಗ ಅವರು ಅದಕ್ಕೂ ಯಾಕೆ ಖರ್ಚು ಮಾಡುತ್ತಾರೆ?

ಅಕೌಂಟೆನ್ಸಿಯಲ್ಲಿ ಮೈಲಿ

ಕಾಮರ್ಸ್ ಸ್ನೇಹಿತರಿಗೆ ಇದು ಇಷ್ಟವಾಗಬಹುದು. ಭಾರತದಲ್ಲಿ 2018ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಇಂಡ್ ಎಎಸ್ 115’ ಪ್ರಕಾರ ಟಿಕೆಟ್ ಹಣದಲ್ಲಿ ಒಂದು ಪಾಲು ಮೈಲಿಗೆ ಸೇರಿದ್ದು. ಬರೀ ಪ್ರಯಾಣದ ಬೆಲೆ ₹19,000, ಕೊಟ್ಟ ಮೈಲಿಗಳ ಬೆಲೆ ₹1,000, ಗ್ರಾಹಕ ಕೊಟ್ಟದ್ದು ₹19,000 ಎಂದಿಟ್ಟುಕೊಳ್ಳಿ. 19:1 ಪ್ರಮಾಣದಲ್ಲಿ ಹಂಚಿದರೆ ಪ್ರಯಾಣಕ್ಕೆ ₹18,050, ಮೈಲಿಗೆ ₹950. ಆ ₹950 ಇನ್ನೂ ಆದಾಯವಲ್ಲ, ಹೊಣೆ. ಮೈಲಿ ಬಳಕೆಯಾದಾಗ ಅದು ಆದಾಯವಾಗುತ್ತದೆ. ಯಾರೂ ಬಳಸದೇ ಹೋಗುವ ಮೈಲಿಗಳನ್ನೂ ಕಂಪನಿ ಮೊದಲೇ ಅಂದಾಜು ಮಾಡಿರುತ್ತದೆ. ಅಂದರೆ ನಮ್ಮವರು ಮರೆತುಬಿಟ್ಟ ಮೈಲಿಗಳ ಲೆಕ್ಕ ಅವರ ಪುಸ್ತಕದಲ್ಲಿ ಇರುತ್ತದೆ!

ಬೆನ್ನು ಹತ್ತಬೇಕೇ?

ನನ್ನ ಮಾಮೂ ದಮ್ಮಾಮ್‌ನಲ್ಲಿದ್ದಾರೆ. ಮೈಲಿ ಕೂಡಿಸಿ ಈದ್‌ಗೆ ಮಾಮಿ, ಮಕ್ಕಳನ್ನು ಕರೆಸಿಕೊಳ್ಳುವ ಆಸೆ ಅವರದ್ದು. ಆದರೆ ಖಾತೆ ನೋಡಿದಾಗ ನಾಲ್ಕು ಹಾರಾಟಗಳಲ್ಲಿ ಎರಡಕ್ಕೆ ಒಂದೂ ಮೈಲಿ ಸೇರಿರಲಿಲ್ಲ. ಆ ಎರಡನ್ನು ಹಾರಿಸಿದ್ದು ಪಾಲುದಾರ ಕಂಪನಿ, ಅಕ್ಷರ ಪಟ್ಟಿಯಲ್ಲಿ ಇರಲಿಲ್ಲ. ಓವರ್‌ಟೈಮ್ ಮಾಡಿ ಉಳಿಸಿದ ಹಣದ ಟಿಕೆಟ್, ಬೇಜಾರಾಗದೇ ಇರುತ್ತದೆಯೇ? ಈಗ ಬುಕ್ ಮಾಡುವ ಮೊದಲು ಸ್ಕ್ರೀನ್‌ಶಾಟ್ ನನಗೆ ಕಳಿಸುತ್ತಾರೆ.

ಹಾಗೆಂದು ಮೈಲಿಗಾಗಿ ಹೆಚ್ಚು ಹಣ ಕೊಡಿ ಎಂದು ನಾನು ಹೇಳುವುದಿಲ್ಲ. ₹18,000 ಟಿಕೆಟನ್ನು 24,000 ಮೈಲಿ ಮತ್ತು ₹6,000 ತೆರಿಗೆಗೆ ಕೊಡುತ್ತಾರೆ ಎಂದುಕೊಳ್ಳಿ. ಉಳಿದದ್ದು ₹12,000, ಅಂದರೆ ಮೈಲಿಗೆ 50 ಪೈಸೆ. 850 ಮೈಲಿಗೆ ₹425 ಮಾತ್ರ. ಅದಕ್ಕಾಗಿ ₹1,200 ಹೆಚ್ಚು ಕೊಟ್ಟರೆ ನಷ್ಟವೇ. ದರ ಸಮವಾಗಿದ್ದಾಗ ಮಾತ್ರ ಮೈಲಿ ಸಿಗುವುದನ್ನು ಆರಿಸುವುದು ಜಾಣತನ. ಮಾಮೂಗೂ ಇದನ್ನೇ ಹೇಳಿದೆ.

ಮನೆಯವರಿಗೆ ಹೇಳಬೇಕಾದ್ದು

1. ಬುಕ್ ಮಾಡುವ ಮೊದಲು ಮೂರು ನೋಡಿ: ವಿಮಾನದ ನಂಬರ್, ‘ಆಪರೇಟೆಡ್ ಬೈ’, ಬುಕಿಂಗ್ ಕ್ಲಾಸ್‌ನ ಅಕ್ಷರ. ನಂತರ ನಿಮ್ಮ ಯೋಜನೆಯ ವೆಬ್‌ಸೈಟ್‌ನಲ್ಲಿ ಆ ಪಾಲುದಾರರ ಪಟ್ಟಿ ತೆರೆಯಿರಿ.

2. ಸದಸ್ಯತ್ವದ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಲಿ. ನಮ್ಮಲ್ಲಿ ಮೊಹಮ್ಮದ್, ಮುಹಮ್ಮದ್, ಎಂ.ಡಿ. ಎಂದು ಒಬ್ಬರದೇ ಹೆಸರು ಮೂರು ಕಡೆ ಮೂರು ರೀತಿ ಇರುತ್ತದೆ. ಕಂಪ್ಯೂಟರ್‌ಗೆ ಅವರು ಮೂರು ಜನ.

3. ಒಂದು ಹಾರಾಟಕ್ಕೆ ಒಂದೇ ಯೋಜನೆಯಲ್ಲಿ ಮೈಲಿ ಸಿಗುತ್ತದೆ. ವರ್ಷಕ್ಕೊಮ್ಮೆ ಹಾರುವವರು ಒಂದೇ ಖಾತೆಗೆ ಸೇರಿಸುವುದು ಒಳ್ಳೆಯದು.

4. ಅವಧಿ ಗಮನಿಸಿ. ಎಮಿರೇಟ್ಸ್ ಸ್ಕೈವರ್ಡ್ಸ್‌ನಲ್ಲಿ ಮೈಲಿ ಮೂರು ವರ್ಷ ಇರುತ್ತದೆ, ಸದಸ್ಯರ ಹುಟ್ಟಿದ ತಿಂಗಳ ಕೊನೆಗೆ ಮುಗಿಯುತ್ತದೆ.

5. ಮೈಲಿ ಸೇರುವವರೆಗೆ ಬೋರ್ಡಿಂಗ್ ಪಾಸ್ ಎಸೆಯಬೇಡಿ. ಬಾರದಿದ್ದರೆ ಅದನ್ನೂ ಟಿಕೆಟನ್ನೂ ತೋರಿಸಿ ಕೇಳಬಹುದು. ಅದಕ್ಕೂ ಗಡುವು ಇರುತ್ತದೆ, ಮುಂದಿನ ರಜೆಯವರೆಗೆ ಕಾಯಬೇಡಿ.