ಗಣಕಯಂತ್ರಗಳಲ್ಲಿ ಮುಯ್ಯಾಳು ಪದ್ಧತಿ

ಮಲೆನಾಡಿನ ರೈತರಿಗೆ ಮುಯ್ಯಾಳು ಪದ್ಧತಿ ಹೊಸದಲ್ಲ. ಒಂದು ಮನೆಯವರಿಗೆ ಹತ್ತು ದಿನ ಹಿಡಿಯುವ ನಾಟಿಯನ್ನು ಹತ್ತು ಮನೆಯವರು ಸೇರಿ ಒಂದೇ ದಿನದಲ್ಲಿ ಮುಗಿಸುತ್ತಾರೆ. ಅತಿ ದೊಡ್ಡ ಲೆಕ್ಕಗಳನ್ನು ಮಾಡಲು ವಿಜ್ಞಾನಿಗಳು ಹಿಡಿದಿರುವ ದಾರಿಗಳಲ್ಲಿ ಒಂದು ಇದೇ ಬಗೆಯದು. ಬೇರೆ ಬೇರೆ ಊರುಗಳ ಗಣಕಯಂತ್ರಗಳನ್ನು ಜಾಲದ ಮೂಲಕ ಜೋಡಿಸಿ, ಒಂದು ಲೆಕ್ಕವನ್ನು ಹಂಚಿ ಮಾಡಿಸುವ ಈ ಏರ್ಪಾಡಿಗೆ ಗ್ರಿಡ್ ಎಂದು ಹೆಸರು. ಭತ್ತ ಮತ್ತು ಹವಾಮಾನದ ಸಂಶೋಧನೆಗೂ ಇದರ ನೆರವು ದೊರೆತಿರುವುದರಿಂದ ರೈತರು ಇದರ ಬಗ್ಗೆ ತಿಳಿದಿರುವುದು ಒಳ್ಳೆಯದು.

ಲೆಕ್ಕ ದೊಡ್ಡದಾಗುವುದು ಹೇಗೆ?

ಅಡಿಕೆಗೆ ಕೊಳೆರೋಗ ತಗಲದಂತೆ ಮುಂಗಾರಿಗೆ ಮುನ್ನ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಸಿಂಪಡಿಸಿ, 40ರಿಂದ 45 ದಿನಗಳ ನಂತರ ಮತ್ತೊಮ್ಮೆ ಸಿಂಪಡಿಸಬೇಕು. ಈ ಎರಡನೆಯ ಸಿಂಪರಣೆಗೆ ಮಳೆ ಯಾವ ದಿನ ಬಿಡುವು ಕೊಡುತ್ತದೆಂದು ಮೊದಲೇ ತಿಳಿದರೆ ಮದ್ದೂ ಉಳಿಯುತ್ತದೆ, ಕೂಲಿಯೂ ಉಳಿಯುತ್ತದೆ.

ಇದನ್ನು ತಿಳಿಯಲು ವಾಯುಮಂಡಲವನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದ ಗಾಳಿ, ತೇವ ಮತ್ತು ಉಷ್ಣತೆಯನ್ನು ಲೆಕ್ಕ ಹಾಕುತ್ತಾರೆ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನಲ್ಲಿ ಚೌಕದ ಬದಿ 6 ಕಿ.ಮೀ. ಅದಕ್ಕೆ ಹಿಂದೆ ಇದು 12 ಕಿ.ಮೀ. ಇತ್ತು. ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು 20 ಕಿ.ಮೀ. ಎರಡು ಚೌಕಗಳೂ ಪೂರ್ತಿ ಹಿಡಿಸದ ಈ ಅಂತರದಲ್ಲಿ ಈಗ ಮೂರು ಚೌಕಗಳು ಹಿಡಿಸುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಸುರಿಯುವ ಮಳೆ ಭದ್ರಾವತಿಗೆ ಬರುವಷ್ಟರಲ್ಲಿ ಬಹುಪಾಲು ತಗ್ಗುತ್ತದೆ. ಇಂತಹ ಜಿಲ್ಲೆಗೆ ಚಿಕ್ಕ ಚೌಕಗಳು ಅಗತ್ಯ. ಆದರೆ ಬದಿ ಅರ್ಧವಾದರೆ ಚೌಕಗಳ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ. ಲೆಕ್ಕದ ಕಾಲಾವಧಿಯ ಹೆಜ್ಜೆಯನ್ನೂ ಸಾಮಾನ್ಯವಾಗಿ ಅರ್ಧಕ್ಕಿಳಿಸಬೇಕಾಗುವುದರಿಂದ ಒಟ್ಟು ಕೆಲಸ ಸುಮಾರು ಎಂಟು ಪಟ್ಟು ಬೆಳೆಯುತ್ತದೆ.

ಹಂಚಬಹುದಾದ ಕೆಲಸ, ಹಂಚಲಾಗದ ಕೆಲಸ

ಎಲ್ಲ ಲೆಕ್ಕಗಳನ್ನೂ ದೂರದ ಯಂತ್ರಗಳಿಗೆ ಹಂಚಲು ಬರುವುದಿಲ್ಲ. ಅಡಿಕೆ ಸುಲಿಯುವಾಗ ಪ್ರತಿಯೊಬ್ಬರ ಮುಂದೆ ಅವರವರ ಕತ್ತಿ, ಅವರವರ ಬುಟ್ಟಿ ಇರುತ್ತದೆ. ಒಬ್ಬರು ನಿಧಾನಿಸಿದರೆ ಮತ್ತೊಬ್ಬರ ಕೈ ನಿಲ್ಲುವುದಿಲ್ಲ. ಭದ್ರಾ ನಾಲೆಯ ನೀರಿನ ಮಾತು ಬೇರೆ. ಮೇಲಿನವರು ಎಷ್ಟು ಬಿಟ್ಟರೆಂಬುದರ ಮೇಲೆ ಕೊನೆಯ ಗದ್ದೆಯವರ ಪಾಲು ನಿಂತಿರುತ್ತದೆ.

ನಾಳೆಯ ಮಳೆಯ ಲೆಕ್ಕ ನಾಲೆಯ ನೀರಿನಂತಹದು. ಪ್ರತಿ ಹೆಜ್ಜೆಯಲ್ಲೂ ಒಂದು ಚೌಕಕ್ಕೆ ನೆರೆಯ ಚೌಕಗಳ ಉತ್ತರ ಬೇಕು. ಆದ್ದರಿಂದ ಅದನ್ನು ಒಂದೇ ಕಡೆ ವೇಗದ ತಂತಿಗಳಿಂದ ಬೆಸೆದ ದೊಡ್ಡ ಗಣಕದಲ್ಲಿ ಮಾಡುತ್ತಾರೆ. ಪುಣೆಯಲ್ಲಿ 2024ರಲ್ಲಿ ಉದ್ಘಾಟನೆಯಾದ ಅರ್ಕ ಅಂತಹ ಒಂದು ಯಂತ್ರ.

ಮುಂದಿನ ದಶಕಗಳ ಹವಾಮಾನ ಹೇಗಿರಬಹುದೆಂದು ನೋಡಲು ಒಂದೇ ಲೆಕ್ಕವನ್ನು ಅಂಕಿಗಳನ್ನು ತುಸು ಬದಲಿಸಿ ಸಾವಿರಾರು ಬಾರಿ ಮಾಡುತ್ತಾರೆ. ಇದು ಅಡಿಕೆ ಸುಲಿದಂತೆ. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದವರು 2003ರಲ್ಲಿ ಈ ಕೆಲಸವನ್ನು ಜನಸಾಮಾನ್ಯರ ಮನೆಯ ಗಣಕಗಳಿಗೆ ಹಂಚಲು ಆರಂಭಿಸಿದರು.

ಭತ್ತಕ್ಕೆ ಆದ ಸಹಾಯ

ಐ.ಬಿ.ಎಂ. ಸಂಸ್ಥೆ 2004ರಲ್ಲಿ ವರ್ಲ್ಡ್ ಕಮ್ಯುನಿಟಿ ಗ್ರಿಡ್ ಎಂಬ ಜಾಲವನ್ನು ಸ್ಥಾಪಿಸಿತು. ಇದರಲ್ಲಿ 2008ರಿಂದ 2010ರವರೆಗೆ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದವರು ಭತ್ತದ ಸಸಾರಜನಕಗಳ ರಚನೆಯನ್ನು ಲೆಕ್ಕ ಹಾಕಿಸಿದರು. ಸಾಮಾನ್ಯ ಗಣಕ ವ್ಯವಸ್ಥೆಯಲ್ಲಿ 200 ವರ್ಷ ಹಿಡಿಯುವ ಕೆಲಸವನ್ನು ಎರಡು ವರ್ಷಗಳೊಳಗೆ ಮುಗಿಸುವುದು ಅವರ ಗುರಿಯಾಗಿತ್ತು. ಆದರೆ ಲೆಕ್ಕವೇ ತಳಿಯಲ್ಲ. ಯಾವ ಗುಣವನ್ನು ಎಲ್ಲಿ ಹುಡುಕಬೇಕೆಂಬ ಸುಳಿವನ್ನಷ್ಟೇ ಅದು ಕೊಡುತ್ತದೆ. ತಳಿಯನ್ನು ಗದ್ದೆಯಲ್ಲಿಯೇ ಬೆಳೆಸಿ ಪರೀಕ್ಷಿಸಬೇಕು.

ನಮ್ಮ ದೇಶದಲ್ಲಿ ಸಿ-ಡ್ಯಾಕ್ ಸಂಸ್ಥೆಯು ಗರುಡ ಎಂಬ ಗ್ರಿಡ್ ರೂಪಿಸಿ, 17 ನಗರಗಳ 45 ಸಂಸ್ಥೆಗಳನ್ನು ಜೋಡಿಸಿತು. ಇಲ್ಲಿ ಮನೆಯ ಗಣಕಗಳ ಬದಲು ಸಂಶೋಧನಾ ಸಂಸ್ಥೆಗಳ ಯಂತ್ರಗಳು ಕೆಲಸ ಹಂಚಿಕೊಂಡವು.

ಕೆಲಸ ನಡೆಯುವ ಕ್ರಮ

ಮುಖ್ಯ ಗಣಕವು ಲೆಕ್ಕವನ್ನು ಚಿಕ್ಕ ಚಿಕ್ಕ ಕಂತುಗಳಾಗಿ ಕಳಿಸುತ್ತದೆ. ಮನೆಯ ಗಣಕವು ಬಿಡುವಿದ್ದಾಗ ಅದನ್ನು ಮಾಡಿ ಉತ್ತರವನ್ನು ಹಿಂತಿರುಗಿಸುತ್ತದೆ. ಗೊತ್ತಾದ ದಿನದೊಳಗೆ ಉತ್ತರ ಬಾರದಿದ್ದರೆ ಆ ಕಂತು ಬೇರೊಂದು ಯಂತ್ರಕ್ಕೆ ಹೋಗುತ್ತದೆ. ತಪ್ಪು ನುಸುಳದಂತೆ ಅನೇಕ ವೇಳೆ ಒಂದೇ ಕಂತನ್ನು ಇಬ್ಬರಿಗೆ ಕೊಟ್ಟು ಉತ್ತರಗಳನ್ನು ತಾಳೆ ನೋಡುತ್ತಾರೆ. ಒಂದೇ ಮೂಟೆಯನ್ನು ಎರಡು ತಕ್ಕಡಿಯಲ್ಲಿ ತೂಗಿದ ಹಾಗೆ.

ಗಮನಿಸಬೇಕಾದ ಅಂಶಗಳು

ಶಿವಮೊಗ್ಗ, ಭದ್ರಾವತಿಯ ಕಾಲೇಜುಗಳಲ್ಲಿ ಓದುವ ರೈತರ ಮಕ್ಕಳು ಇಂತಹ ಕೆಲಸದಲ್ಲಿ ಭಾಗವಹಿಸಬಹುದು. ಆಗ ಈ ಅಂಶಗಳನ್ನು ನೆನಪಿಡಬೇಕು.

1. ವಿಶ್ವವಿದ್ಯಾನಿಲಯ ಅಥವಾ ಹೆಸರಾಂತ ಸಂಶೋಧನಾ ಸಂಸ್ಥೆಯ ಯೋಜನೆಗೆ ಮಾತ್ರ ಸೇರಬೇಕು.

2. ಇದು ಉಚಿತ ಸೇವೆ. ಹಣ ಅಥವಾ ಬ್ಯಾಂಕ್ ಖಾತೆಯ ವಿವರ ಕೇಳಿದರೆ ಕೊಡಬಾರದು.

3. ದುಡಿಯುವ ಗಣಕಕ್ಕೆ ಹೆಚ್ಚು ವಿದ್ಯುತ್ ಬೇಕು, ಅದು ಬಿಸಿಯೂ ಆಗುತ್ತದೆ. ವೆಚ್ಚವನ್ನು ಮೊದಲೇ ಅಂದಾಜು ಮಾಡಬೇಕು.

4. ಕಾಲೇಜಿನ ಯಂತ್ರವಾದರೆ ಮುಖ್ಯಸ್ಥರ ಒಪ್ಪಿಗೆ ಪಡೆಯಬೇಕು.

ನಾಳೆಯ ಮಳೆಯ ವಿಷಯಕ್ಕೆ ಎಂದಿನಂತೆ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೇ ನೋಡಿ ಸಿಂಪರಣೆಯ ದಿನವನ್ನು ಗೊತ್ತುಮಾಡತಕ್ಕದ್ದು. ಮುಂದಿನ ತಲೆಮಾರಿನ ಭತ್ತಕ್ಕೆ ಮತ್ತು ಹವಾಮಾನದ ಅರಿವಿಗೆ ಮಾತ್ರ ಮನೆಯ ಮೂಲೆಯ ಗಣಕವೂ ಒಂದು ಆಳಿನ ಕೆಲಸ ಮಾಡಿಕೊಡಬಲ್ಲದು.